ಊಟಿಗೆ ಹಲ್ಲಿ ಬಂದದ್ದು

ದಾರಿಯಲ್ಲಿ ಹೋಗುವ ಯಾರನ್ನಾದರೂ ನಿಲ್ಲಿಸಿ, ನೀವು ಈ ಊರಿಗೆ ಯಾಕೆ ಬಂದು ನೆಲೆಸಿದಿರಿ ಎಂದು ಕೇಳಿ ನೋಡಿ. ನೀರು ಒಳ್ಳೆಯದು ಅನ್ನುತ್ತಾರೆ, ಜನ ಒಳ್ಳೆಯವರು ಅನ್ನುತ್ತಾರೆ, ಮಕ್ಕಳ ಸ್ಕೂಲಿಗೆ ಹತ್ತಿರ ಅನ್ನುತ್ತಾರೆ. ಇದರಲ್ಲಿ ಮುಕ್ಕಾಲು ಪಾಲು ಸುಳ್ಳು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಏಕೆಂದರೆ ನಾನೇ ಮೂವತ್ತೊಂದು ವರ್ಷ ಅಂಥದೊಂದು ಸುಳ್ಳು ಹೇಳಿಕೊಂಡು ಬಂದವನು. ಮೈಸೂರು ಕಡೆಯವರು ನೀವು, ಊಟಿಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, "ಮಂಜು ಅಂದ್ರೆ ನನಗೆ ಪ್ರಾಣ" ಅನ್ನುತ್ತಿದ್ದೆ. ಹಾಗೆ ಅನ್ನುವಾಗ ಸ್ವಲ್ಪ ದೂರಕ್ಕೆ ನೋಡುತ್ತಲೂ ಇದ್ದೆ. ಮಂಜಿಗೂ ನನಗೂ ಅಂಥ ಸ್ನೇಹವೇನಿಲ್ಲ. ನಾನು ವಾಚು, ಗಡಿಯಾರ ರಿಪೇರಿ ಮಾಡುವವನು. ಮಂಜು ವಾಚಿನ ಗಾಜಿನೊಳಗೆ ನುಗ್ಗಿ ಹಬೆ ಕಟ್ಟುತ್ತದೆ, ಮುಳ್ಳಿಗೆ ತುಕ್ಕು ಹಿಡಿಸುತ್ತದೆ. ಅದರಿಂದ ನನ್ನ ಹೊಟ್ಟೆ ತುಂಬಿದೆ ನಿಜ, ಪ್ರೀತಿಯಂತೂ ಹುಟ್ಟಿಲ್ಲ. ನಿಜವಾದ ಕಾರಣ ಈಗ ಹೇಳುತ್ತೇನೆ, ದಯವಿಟ್ಟು ನಗಬೇಡಿ. ಊಟಿಯಲ್ಲಿ ಹಲ್ಲಿ ಇರಲಿಲ್ಲ.

ಕೆಲವರಿಗೆ ಹಾವೆಂದರೆ ಭಯ, ಕೆಲವರಿಗೆ ಜಿರಲೆ. ಹಾವಿಗೆ ಹೆದರಿದರೆ ಜನ ಮರ್ಯಾದೆ ಕೊಡುತ್ತಾರೆ. ಹಲ್ಲಿಗೆ ಹೆದರುವ ಗಂಡಸಿಗೆ ಈ ಲೋಕದಲ್ಲಿ ಮರ್ಯಾದೆಯಿಲ್ಲ. ಆದ್ದರಿಂದ ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಗುಂಡ್ಲುಪೇಟೆಗೆ ಹೆಣ್ಣು ನೋಡಲು ಹೋದ ದಿನ ಮಾತ್ರ ಗುಟ್ಟು ರಟ್ಟಾಗುವುದರಲ್ಲಿತ್ತು. ಹುಡುಗಿ ಇನ್ನೂ ಅಡುಗೆಮನೆಯಲ್ಲಿದ್ದಳು. ನಾನು ಕೇಸರಿಬಾತಿನ ತಟ್ಟೆ ಹಿಡಿದು, ಆದಷ್ಟು ಗಂಭೀರವಾಗಿ ಕೂತಿದ್ದೆ. ಮೇಲಿನ ತೊಲೆಯಿಂದ ಒಂದು ಹಲ್ಲಿ ಜಾರಿ ಸೀದಾ ನನ್ನ ಬಲತೊಡೆಯ ಮೇಲೆ ಬಿತ್ತು. ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ನೆನಪು ಬಂದಾಗ ನಾನು ಕುರ್ಚಿಯ ಮೇಲೆ ನಿಂತಿದ್ದೆ, ಕೇಸರಿಬಾತು ನಮ್ಮ ಸೋದರಮಾವನ ಮಡಿಲಲ್ಲಿತ್ತು. "ಕಾಲು ಜೋಮು ಹಿಡ್ದಿತ್ತು" ಅಂದೆ. ಯಾರೂ ಆ ಕಡೆ ಗಮನ ಕೊಡಲಿಲ್ಲ. ಹಿರಿಯರೆಲ್ಲ ಆಗಲೇ ಪಂಚಾಂಗ ತೆಗೆದು, ಹಲ್ಲಿ ಮೈಮೇಲೆ ಬಿದ್ದರೆ ಯಾವ ಜಾಗಕ್ಕೆ ಏನು ಫಲ ಎಂಬ ಪುಟ ಹುಡುಕುತ್ತಿದ್ದರು. ಬಲತೊಡೆಗೆ ಏನೋ ಶುಭವೇ ಬರೆದಿತ್ತು. ಹುಡುಗಿ ಕಾಫಿ ತರುವಷ್ಟರಲ್ಲಿ ಮದುವೆ ನಿಶ್ಚಯವಾಗಿತ್ತು. ನನಗೆ ಹೆಣ್ಣು ಗೊತ್ತು ಮಾಡಿದ್ದು ಒಂದು ಹಲ್ಲಿ ಎಂದರೆ ತಪ್ಪಾಗಲಾರದು.

ಆಗ ನಾನು ಮೈಸೂರಿನಲ್ಲಿ ಒಬ್ಬ ಸಾಹುಕಾರರ ಗಡಿಯಾರದ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಅವರು ಎರಡು ಕಡೆ ಅಂಗಡಿ ತೆರೆಯುವವರಿದ್ದರು, ನಂಜನಗೂಡಿನಲ್ಲಿ ಒಂದು, ಊಟಿಯಲ್ಲಿ ಒಂದು. ಯಾವುದು ಬೇಕು ಎಂದು ಕೇಳಿದರು. ಊಟಿ ಬಸ್ಸಿನ ಕಂಡಕ್ಟರ್ ಒಬ್ಬ ತನ್ನ ವಾಚಿಗೆ ಬೆಲ್ಟು ಹಾಕಿಸಲು ಬಂದಿದ್ದವನು, ಮಾತಿಗೆ ಮಾತು ಬಂದು, "ಮ್ಯಾಲೆ ಸೊಳ್ಳೆ ಇಲ್ಲ, ಹಲ್ಲಿ ಇಲ್ಲ, ಫ್ಯಾನು ಬ್ಯಾಡ" ಅಂದಿದ್ದ. ಸೊಳ್ಳೆಯೂ ಫ್ಯಾನೂ ನನ್ನ ಕಿವಿಗೆ ಬೀಳಲೇ ಇಲ್ಲ. ಮದುವೆಯಾದ ತಿಂಗಳಿಗೇ ಹೆಂಡತಿ ಸರೋಜಳನ್ನು ಕರೆದುಕೊಂಡು ಬೆಟ್ಟ ಹತ್ತಿಬಿಟ್ಟೆ.

ಪಾಪ, ಸರೋಜ. ಗುಂಡ್ಲುಪೇಟೆಯ ಬಿಸಿಲಿನಲ್ಲಿ ಬೆಳೆದವಳು. ಊಟಿಯ ಮೊದಲ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಾದದ್ದು ನೋಡಿ ಅತ್ತುಬಿಟ್ಟಿದ್ದಳು. ಅಲ್ಲಿಂದ ಮುಂದೆ ಪ್ರತಿ ಡಿಸೆಂಬರಿನಲ್ಲೂ ಮೊಣಕಾಲಿಗೆ ಶಾಲು ಸುತ್ತಿಕೊಂಡು, "ರೀ, ಈ ವರ್ಷನಾದ್ರೂ ಕೆಳಗೆ ಹೋಗೋಣ್ವಾ?" ಎಂದು ಕೇಳುವಳು. ನಾನು ದೂರ ನೋಡುತ್ತ ಮಂಜಿನ ವಿಷಯ ಎತ್ತುವೆ. ಅವಳನ್ನು ಚಳಿಗಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು. ನಮ್ಮ ಕಡೆ ಯಾರಾದರೂ ಏನಾದರೂ ಹೇಳುವ ಹೊತ್ತಿಗೆ ಗೋಡೆಯ ಮೇಲಿನ ಹಲ್ಲಿ ಲೊಚ್ ಲೊಚ್ ಅಂದರೆ, ಆ ಮಾತು ಸತ್ಯ ಎಂದು ಲೆಕ್ಕ. ಕೇಳಿದವರು ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನಬೇಕು. ಸರೋಜ ಊಟಿಗೆ ಬಂದಮೇಲೂ ಮುಖ್ಯವಾದ ಮಾತು ಹೇಳಿ ಒಂದು ಕ್ಷಣ ಗೋಡೆ ನೋಡುವಳು. ಗೋಡೆ ಸುಮ್ಮನಿರುತ್ತಿತ್ತು. "ಇದೆಂಥಾ ಮನೆ, ನಿಜ ಹೇಳಿದ್ರೂ ಹೂಂ ಅನ್ನೋರಿಲ್ಲ" ಎಂದು ಗೊಣಗುವಳು. ನಾನು ಹೂಂ ಅಂದರೆ ಅದು ಲೆಕ್ಕಕ್ಕಿಲ್ಲ. ಮೂವತ್ತೊಂದು ವರ್ಷ ನಮ್ಮ ಮನೆಯಲ್ಲಿ ಯಾವ ಮಾತಿಗೂ ಸಾಕ್ಷಿಯಿಲ್ಲದೆ ಸಂಸಾರ ನಡೆಯಿತು. ಬಹಳ ಸುಖವಾಗಿ ನಡೆಯಿತು ಎಂದು ನನ್ನ ಅಭಿಪ್ರಾಯ.

ಆಮೇಲೆ ಊಟಿಯ ಹವಾ ಕೆಡುತ್ತ ಬಂತು. ಮೊದಲು ಬೀದಿಯ ಕೊನೆಯ ಮನೆಯವರು ಫ್ಯಾನು ಹಾಕಿಸಿದರು. ಹಾಕಿಸಲು ಸೂರಿನಲ್ಲಿ ಕೊಕ್ಕೆಯೇ ಇರಲಿಲ್ಲ, ಊಟಿಯಲ್ಲಿ ಯಾವ ಮೇಸ್ತ್ರಿ ತಾನೇ ಫ್ಯಾನಿಗೆ ಕೊಕ್ಕೆ ಬಿಟ್ಟು ಮನೆ ಕಟ್ಟಿದ್ದ? ಕೊನೆಗೆ ಟೇಬಲ್ ಫ್ಯಾನು ತಂದು, ನೆಂಟರು ಬಂದಾಗ ಅದರ ಮೇಲೆ ಟವೆಲು ಮುಚ್ಚುತ್ತಿದ್ದರು. ಊಟಿಯವರಿಗೆ ಫ್ಯಾನು ಇಡುವುದು ನಾಚಿಕೆಯ ವಿಷಯ. ಫ್ಯಾನಿನ ಹಿಂದೆಯೇ ಸೊಳ್ಳೆ ಬಂತು. ನಮ್ಮ ಪಕ್ಕದ ಮನೆಯ ಭೋಜನ್ ಮೇಷ್ಟ್ರು, ಈ ಬೆಟ್ಟದ ಮೂಲದ ಬಡಗ ಜನ, ಹುಬ್ಬತಲೈ ಎಂಬ ಹಳ್ಳಿಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವರು, ತಮ್ಮ ಊರಿನ ಟೀ ತೋಟದಲ್ಲಿ ನವಿಲು ನೋಡಿದೆ ಎಂದು ಒಂದು ದಿನ ಬಂದು ಹೇಳಿದರು. ನವಿಲು ಚೆಂದ ಅಲ್ಲವೇ ಅಂದೆ. ಅವರು ತಲೆಯಾಡಿಸಿದರು.

"ಚೆಂದ ತಾನ್, ಅಣ್ಣ. ಆದ್ರೆ ನಮ್ಮ ತಾತ ಇಲ್ಲಿ ನವಿಲೇ ನೋಡ್ಲಿಲ್ಲೆ. ಅದು ಬಿಸಿಲು ಸೀಮೆ ಹಕ್ಕಿ. ಈ ಬೆಟ್ಟಕ್ಕೆ ಚಳಿನೇ ವಾಚ್‌ಮನ್. ಕೆಳಗಿಂದ ಬರೋರನ್ನೆಲ್ಲ ಗೇಟಲ್ಲೇ ನಿಲ್ಸಿ ವಾಪಸ್ ಕಳಿಸ್ತಾ ಇತ್ತು. ಈಗ ವಾಚ್‌ಮನ್‌ಗೆ ವಯಸ್ಸಾಯ್ತು, ಗೇಟಲ್ಲೇ ತೂಕಡಿಸ್ತಾನೆ. ಒಬ್ಬ ಒಳಗೆ ಬಂದ್ರೆ ಸಾಕು, ಅವನನ್ನ ತಿನ್ನೋಕೆ ಇನ್ನೊಬ್ಬ ಬರ್ತಾನೆ."

ಸೊಳ್ಳೆ ತಿನ್ನಲು ಯಾರು ಬರುತ್ತಾರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹೋದ ವರ್ಷಕ್ಕೆ ಹಿಂದಿನ ಬೇಸಿಗೆಯಲ್ಲಿ ಬೆಟ್ಟದ ಬುಡದ ಮಸಿನಗುಡಿಯ ಒಂದು ರೆಸಾರ್ಟಿನವರು ಹಳೇ ಕಾಲದ ಲೋಲಕದ ಗಡಿಯಾರವೊಂದನ್ನು ಜೀಪಿನಲ್ಲಿ ಹಾಕಿ ಮೇಲಕ್ಕೆ ಕಳಿಸಿದರು. ಅಂಗಡಿಯಲ್ಲಿ ಜಾಗ ಸಾಲದೆ ಅದನ್ನು ಮನೆಗೆ ತಂದು ಬಿಚ್ಚಿದೆ. ಪೆಟ್ಟಿಗೆಯ ತಳದಲ್ಲಿ ಎರಡು ಪುಟ್ಟ ಬಿಳೀ ಗುಂಡುಗಳಿದ್ದವು. ಗಟ್ಟಿಯಾಗಿ, ದುಂಡಗೆ, ಚೊಕ್ಕಟವಾಗಿದ್ದವು. ನುಸಿಗುಳಿಗೆ ಅಂದುಕೊಂಡೆ. ಮರದ ಪೆಟ್ಟಿಗೆಗೆ ಹುಳ ಹಿಡಿಯದಿರಲಿ ಎಂದು ರೆಸಾರ್ಟಿನವರು ಹಾಕಿರಬೇಕು, ಪರವಾಗಿಲ್ಲ, ತಿಳಿದ ಜನ ಎಂದು ಮನಸ್ಸಿನಲ್ಲೇ ಹೊಗಳಿದೆ. ಮೂಸಿ ನೋಡಿದೆ, ವಾಸನೆಯಿರಲಿಲ್ಲ. ಹಳೆಯದಿರಬೇಕು ಅಂದುಕೊಂಡೆ. ಎಸೆಯಲು ಮನಸ್ಸು ಬಾರದೆ ಬೀರುವಿನಲ್ಲಿ ಸ್ವೆಟರುಗಳ ನಡುವೆ ಇಟ್ಟೆ. ಊಟಿಯ ಬೀರುವಿನ ವಿಷಯ ನಿಮಗೆ ಗೊತ್ತಿರಲಾರದು. ಇಲ್ಲಿನ ತೇವಕ್ಕೆ ಉಣ್ಣೆ ಬಟ್ಟೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಬೀರುವಿನ ತಳದಲ್ಲಿ ಒಂದು ಹಳೇ ಕಾಲದ, ಬಿಸಿಯಾಗುವ ಬಲ್ಬು ಸದಾ ಉರಿಯುತ್ತಿರುತ್ತದೆ. ಸೆಕೆಯೂ ಅಲ್ಲ, ಚಳಿಯೂ ಅಲ್ಲ, ಒಳಗೆ ಹದವಾದ ಕಾವು. ಎರಡು ತಿಂಗಳ ಮೇಲೆ ನೋಡಿದರೆ ಗುಳಿಗೆಗಳಿದ್ದ ಜಾಗದಲ್ಲಿ ಕಾಗದದಷ್ಟು ತೆಳ್ಳಗಿನ ಚೂರುಗಳು. ನುಸಿಗುಳಿಗೆ ಕಾಲಕ್ರಮದಲ್ಲಿ ಸವೆದುಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಲ್ಲವೇ. ಒಳ್ಳೇ ಕೆಲಸ ಮಾಡಿ ಸವೆದಿವೆ ಎಂದು ತೃಪ್ತಿಯಿಂದ ಬೀರು ಮುಚ್ಚಿದೆ. ಹಲ್ಲಿಗೆ ಹೆದರಿ ಜೀವಮಾನವಿಡೀ ಮುಖ ತಿರುಗಿಸಿಕೊಂಡು ಓಡಾಡಿದವನಿಗೆ ಹಲ್ಲಿಯ ಮೊಟ್ಟೆ ಹೇಗಿರುತ್ತದೆ ಎಂದು ಎಲ್ಲಿ ಗೊತ್ತಿರಬೇಕು?

ಹೋದ ವರ್ಷ ಏಪ್ರಿಲ್ಲಿನ ಒಂದು ಸಂಜೆ ಸರೋಜ ಟ್ಯೂಬ್‌ಲೈಟ್ ಹಾಕಿ, "ಈ ಸಲ ನಿಮ್ಮ ಅಂಗಡಿ ಮುಂದಿನ ಬೋರ್ಡು ಬದಲಾಯಿಸ್ಲೇಬೇಕು, ನೋಡೋಕಾಗಲ್ಲ" ಅಂದಳು. ಗೋಡೆ ಲೊಚ್ ಲೊಚ್ ಅಂದಿತು.

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು ಮೇಲೆ ನೋಡಿದಳು. ಟ್ಯೂಬ್‌ಲೈಟಿನ ಪಟ್ಟಿಯ ಹಿಂದಿನಿಂದ ಒಂದು ಬಾಲ ಕಾಣಿಸುತ್ತಿತ್ತು. ಸರೋಜಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ನೆಲಕ್ಕೆ ಕೂತು, ಬೆರಳಿನಿಂದ ಮೂರು ಸಲ ತಟ್ಟಿ, "ಕೃಷ್ಣ ಕೃಷ್ಣ" ಅಂದಳು. ತೌರಿನಿಂದ ಯಾರೋ ಬಂದರೇನೋ ಅನ್ನುವ ಹಾಗೆ, "ಬಂದ್ಯಾ, ಮಗಾ?" ಎಂದು ಕೇಳಿದಳು. ನಾನು ಅಷ್ಟರಲ್ಲಿ ಬಾಗಿಲ ಹೊರಗಿದ್ದೆ. ಮಾರನೆಯ ದಿನವೇ ಬೋರ್ಡು ಬದಲಾಯಿಸಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ನ್ಯಾಯದ ತಕ್ಕಡಿ ಒಂದೇ ಕಡೆ ವಾಲಿಬಿಟ್ಟಿತು. ಸರೋಜ ಏನು ಹೇಳಲಿ, ಹಲ್ಲಿ ಲೊಚಗುಟ್ಟುತ್ತದೆ. ನೀವು ಸಕ್ಕರೆ ಕಮ್ಮಿ ಮಾಡಬೇಕು, ಲೊಚ್. ನಿಮ್ಮಕ್ಕ ನನ್ನ ಮದುವೆ ಸೀರೆಗೆ ಹೆಸರಿಟ್ಟಿದ್ದು ನಿಜ, ಲೊಚ್ ಲೊಚ್. ನಾನು ಎಷ್ಟೇ ಸತ್ಯ ಹೇಳಲಿ, ಅದಕ್ಕೆ ಬಾಯಿ ಬರುವುದಿಲ್ಲ. ಒಂದು ಸಲ ಪರೀಕ್ಷೆಗೆಂದು "ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ" ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಗೋಡೆ ಗಪ್‌ಚಿಪ್. ಸರೋಜ ಅನುಮಾನದಿಂದ ನನ್ನ ಮುಖ ನೋಡಿದಳು.

ನಾನು ಒಳಗೊಳಗೇ ಯುದ್ಧ ಹೂಡಿದೆ. ಹೊಡೆಯುವಂತಿಲ್ಲ, ಹಲ್ಲಿ ಕೊಂದರೆ ಪಾಪ ಎಂದು ಸರೋಜ ಮೊದಲೇ ಹೇಳಿಯಾಗಿತ್ತು. ಅದಲ್ಲದೆ ಹೊಡೆಯಬೇಕಾದರೆ ಹತ್ತಿರ ಹೋಗಬೇಕು. ಅದಕ್ಕೇ ಹಲ್ಲಿಯ ಊಟ ನಿಲ್ಲಿಸೋಣ ಎಂದು ನಡುಮನೆಯಲ್ಲಿ ಸೊಳ್ಳೆಬತ್ತಿ ಹಚ್ಚಿದೆ. ಸೊಳ್ಳೆಗಳೆಲ್ಲ ಮಲಗುವ ಕೋಣೆಗೆ ಹೋದವು. ಸೊಳ್ಳೆಯ ಹಿಂದೆ ಹಲ್ಲಿಯೂ ಬಂದು, ನನ್ನ ದಿಂಬಿನ ನೇರಕ್ಕೆ ಮೇಲೆ ನಿಂತಿತು. ಕೋಣೆಯ ದೀಪ ಆರಿಸಿದರೆ ಚಿಟ್ಟೆ, ಹುಳ ಬರುವುದಿಲ್ಲ ಎಂದು ಆರಿಸಿದೆ. ಅವು ನಾನು ವಾಚು ಬಿಚ್ಚುವ ಮೇಜಿನ ದೀಪಕ್ಕೆ ಬಂದವು, ಹಲ್ಲಿಯೂ ಅಲ್ಲಿಗೇ ಬಂತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಲೇಡೀಸ್ ವಾಚಿನ ಹಲ್ಲುಚಕ್ರ ಹುಡುಕುತ್ತಿದ್ದವನಿಗೆ, ಅದೇ ಗಾಜಿನಲ್ಲಿ ಹಲ್ಲಿಯ ಮುಖ ಪೂರ್ತಿಯಾಗಿ ಕಂಡಿತು. ಆ ಚಕ್ರ ಇವತ್ತಿನವರೆಗೂ ಸಿಕ್ಕಿಲ್ಲ.

ಸಾಕಾಗಿ ಭೋಜನ್ ಮೇಷ್ಟ್ರ ಹತ್ತಿರ ಬಾಯಿಬಿಟ್ಟೆ. ಅವರು ಹಲ್ಲಿ ನೋಡಿ, ಬೀರು ನೋಡಿ, ಸ್ವೆಟರಿಗೆ ಅಂಟಿಕೊಂಡಿದ್ದ ಚೂರನ್ನು ಬೆಳಕಿಗೆ ಹಿಡಿದು ನೋಡಿ, ಬಹಳ ಹೊತ್ತು ನಕ್ಕರು.

"ಹಲ್ಲಿ ಬರೋದು ಹೊಸದಲ್ಲ, ಅಣ್ಣ. ಅಕ್ಕಿ ಮೂಟೆಲಿ, ಬಾಳೆಗೊನೆಲಿ ವರ್ಷಾ ವರ್ಷ ಬಂದ್ಕೊಂಡೇ ಇತ್ತು. ಬಂದದ್ದೆಲ್ಲ ಚಳಿಗೆ ಸತ್ತೋಗ್ತಾ ಇತ್ತು, ಚಳಿಗೆ ಉಳಿದ್ರೂ ತಿನ್ನೋಕೆ ಸೊಳ್ಳೆ ಇಲ್ಲೆ. ಈಗ ಸೊಳ್ಳೆ ಇದೆ. ಚಳಿ ಕಮ್ಮಿ. ಮೇಲಿಂದ ನೀವು ಬಲ್ಬು ಹಾಕಿ ಕಾವು ಕೊಟ್ಟಿದ್ದೀರ. ನೀವೇ ತಾನ್ ಅದಕ್ಕೆ ತಾಯಿ."

ಇದನ್ನು ಸರೋಜಳಿಗೆ ಹೇಳಬೇಡಿ ಎಂದು ಅವರ ಕೈ ಹಿಡಿದುಕೊಂಡೆ. ಹಲ್ಲಿಯನ್ನು ಓಡಿಸುವ ದಾರಿಯೇನು ಎಂದೂ ಕೇಳಿದೆ. ಇಬ್ಬನಿ ಹೆಪ್ಪುಗಟ್ಟುವಂಥ ಒಂದು ಒಳ್ಳೇ ಹಿಮ ಬಿದ್ದರೆ ತಾನಾಗಿ ಹೋಗುತ್ತದೆ, ಇಲ್ಲದಿದ್ದರೆ ಹಲ್ಲಿ ತಿನ್ನುವ ಹಾವು ಬರುವವರೆಗೆ ಕಾಯಬೇಕು ಎಂದರು. ನಾನು ಹಿಮಕ್ಕೇ ಹರಕೆ ಹೊತ್ತೆ. ಆಲೂಗೆಡ್ಡೆ, ಟೀ ಬೆಳೆಯುವ ಊರಿನಲ್ಲಿ ಬೆಳೆ ಸುಡುವ ಹಿಮ ಬೀಳಲಿ ಎಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು.

ಹೀಗಿರುವಾಗ ಡಿಸೆಂಬರ್ ಬಂತು. ಸರೋಜಳ ತಮ್ಮ ಶಿವಣ್ಣ ಗುಂಡ್ಲುಪೇಟೆಯಿಂದ ಫೋನು ಮಾಡಿದ. ಅವನ ಮನೆಯ ಪಕ್ಕದಲ್ಲೇ ಅವನದೇ ಇನ್ನೊಂದು ಮನೆ ಖಾಲಿಯಾಗಿತ್ತು. "ಮುಂದ್ಗಡೆ ರೂಮಲ್ಲಿ ಭಾವ ಅಂಗಡಿ ಇಟ್ಕಳ್ಳಿ, ಅಕ್ಕನ ಮಂಡಿಗೂ ಒಳ್ಳೇದು. ನೀವು ಬರಾದಾದ್ರೆ ಬ್ಯಾರೇವ್ರಿಗೆ ಕೊಡಲ್ಲ. ಸಂಕ್ರಾಂತಿ ಒಳ್ಗೆ ಒಂದ್ ಮಾತು ಹೇಳ್ಬುಡಿ" ಅಂದ. ನನಗೆ ಆ ಮನೆ ಗೊತ್ತು. ಕುರ್ಚಿಯ ಮೇಲೆ ನಾನು ನಿಂತದ್ದು ಅದೇ ಮನೆಯಲ್ಲಿ. ಆ ತೊಲೆಗಳ ನಡುವೆ ಹಲ್ಲಿಗಳು ಸಂಸಾರ ಸಮೇತ ವಾಸವಾಗಿದ್ದವು. ಇಲ್ಲಿರುವುದು ಒಂದು, ಬಹಳ ಎಂದರೆ ಎರಡು. ಈ ಸಲ ಸರೋಜ ಬಿಡುವುದಿಲ್ಲ, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಅವಳು ಫೋನಿನಲ್ಲಿ ಹೇಳಿದ್ದೇ ಬೇರೆ.

"ಬ್ಯಾಡ ಕಣೋ. ಇಷ್ಟು ವರ್ಷ ಇದು ನಂಗೆ ಊರು ಅನ್ನಿಸ್ಲೇ ಇಲ್ಲ. ಈಗ ಮನೇಲಿ ಹಲ್ಲಿ ಐತೆ. ಮಾತಾಡಿದ್ರೆ ಓಗೊಡ್ತದೆ. ಅದು ಇರೋವರ್ಗೂ ನಾನು ಇಲ್ಲೇ ಇರ್ತೀನಿ. ಅದು ಹೋದ್ರೆ ಮಾತ್ರ, ಮಾರನೇ ದಿನಾನೇ ಬಂದ್ಬುಡ್ತೀನಿ, ನಿಮ್ ಭಾವ ಮಂಜು ಗಿಂಜು ಅಂದ್ರೆ ಕೇಳಲ್ಲ."

ಗೋಡೆ ಲೊಚ್ ಅಂದಿತು. ಅವಳು ಫೋನು ಹಿಡಿದುಕೊಂಡೇ ನೆಲ ತಟ್ಟಿದಳು.

ನನ್ನ ಪರಿಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಒಂದು ಹಲ್ಲಿ ಸತ್ತರೆ ನಾನು ನೂರು ಹಲ್ಲಿಗಳ ನಡುವೆ ಹೋಗಿ ಬೀಳಬೇಕು. ನೂರರಿಂದ ತಪ್ಪಿಸಿಕೊಳ್ಳಬೇಕಾದರೆ ಈ ಒಂದನ್ನು ಜೋಪಾನ ಮಾಡಬೇಕು. ಆವತ್ತೇ ಸೊಳ್ಳೆಬತ್ತಿ ಆರಿಸಿದೆ. ಸಂಜೆ ಕಿಟಕಿ ತೆರೆದಿಟ್ಟು ಸೊಳ್ಳೆಗಳನ್ನು ಒಳಗೆ ಬಿಟ್ಟುಕೊಂಡೆ. ಮೇಜಿನ ದೀಪ ಬೇಗ ಹಚ್ಚಿ, ಹುಳ ಮುತ್ತಲಿ ಎಂದು ದೂರ ಕೂತು ಕಾದೆ. "ಏನ್ರೀ, ಸೊಳ್ಳೆ ಮೇಲೆ ಇದ್ದಕ್ಕಿದ್ದಂಗೆ ಪ್ರೀತಿ?" ಎಂದು ಸರೋಜ ಕೇಳಿದಳು. ಗಾಳಿ ಬೇಕು ಅಂದೆ. ಹರಕೆಯನ್ನು ವಾಪಸ್ ತೆಗೆದುಕೊಳ್ಳುವುದು ಮಾತ್ರ ಮರೆತೆ.

ಸಂಕ್ರಾಂತಿಗೆ ಎರಡು ದಿನವಿರುವಾಗ ಹಿಮ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ಬಹಳ ವರ್ಷಗಳ ಮೇಲೆ ಮನೆಯೊಳಗೂ ಬಾಯಿಂದ ಹೊಗೆ ಬಂತು. ವಾಚ್‌ಮನ್ ಒಂದು ರಾತ್ರಿಯ ಮಟ್ಟಿಗೆ ನಿದ್ದೆಯಿಂದೆದ್ದು ಕೆಲಸ ಮಾಡಿದ್ದ. ಸರೋಜ ಮೊಣಕಾಲು ಹಿಡಿದುಕೊಂಡು ಹಾಸಿಗೆಯಲ್ಲೇ ಇದ್ದಳು. ನಾನು ಕಾಫಿಗೆ ನೀರಿಡಲು ಹೊರಟವನು ನಡುಮನೆಯ ಬಾಗಿಲಲ್ಲೇ ನಿಂತೆ. ಗೋಡೆಯ ಬುಡದಲ್ಲಿ, ನೆಲದ ಮೇಲೆ, ಹಲ್ಲಿ ಬಿದ್ದಿತ್ತು. ಬೆನ್ನು ಕೆಳಗಾಗಿ, ನಾಲ್ಕು ಕಾಲೂ ಮೇಲೆ ಮಾಡಿ.

ಮೂವತ್ತೊಂದು ವರ್ಷ ಯಾವುದರಿಂದ ಓಡಿದೆನೋ ಅದು ನನ್ನ ಪಾದದಿಂದ ಒಂದು ಮೊಳ ದೂರದಲ್ಲಿ ಅಲ್ಲಾಡದೆ ಬಿದ್ದಿತ್ತು. ಕಸಬರಿಗೆ ತೆಗೆದು ಆಚೆ ಗುಡಿಸಿದರೆ ಒಂದು ನಿಮಿಷದ ಕೆಲಸ. ಗುಡಿಸಿದರೆ ಗುಂಡ್ಲುಪೇಟೆ. ಅದು ಸರಿ, ಲೆಕ್ಕಾಚಾರ ಹಾಗಿತ್ತು. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಗುಂಡ್ಲುಪೇಟೆ ನನ್ನ ನೆನಪಿಗೇ ಬರಲಿಲ್ಲ. ಬಂದದ್ದು ಸರೋಜ ಆ ಸಂಜೆ ನೆಲಕ್ಕೆ ಕೂತು "ಬಂದ್ಯಾ, ಮಗಾ?" ಅಂದದ್ದು. ಅವಳು ಎದ್ದು ಬಂದು ಇದನ್ನು ನೋಡುತ್ತಾಳಲ್ಲ. ಹಿಮ ಬೀಳಲಿ ಎಂದು ಬೇಡಿಕೊಂಡವನೂ ನಾನೇ. ಕತ್ತಿನ ಮಫ್ಲರು ಬಿಚ್ಚಿ ಕೈಗೆ ನಾಲ್ಕು ಸುತ್ತು ಸುತ್ತಿದೆ. ಕಣ್ಣು ಮುಚ್ಚಿಕೊಂಡು ಬಗ್ಗಿದೆ. ಕಣ್ಣು ಮುಚ್ಚಿಕೊಂಡಿದ್ದರಿಂದ ಮೊದಲ ಸಲ ಸರೋಜಳ ಚಪ್ಪಲಿ ಹಿಡಿದೆ. ಎರಡನೆಯ ಸಲ ಸಿಕ್ಕಿತು. ಮಫ್ಲರಿನ ಒಳಗೆ ಅದಕ್ಕೆ ತೂಕವೇ ಇರಲಿಲ್ಲ. ಬೀರುವಿನ ತನಕ ಹೋಗಿ, ಬಲ್ಬಿನ ಪಕ್ಕ, ಸ್ವೆಟರಿನ ಮಡಿಕೆಯಲ್ಲಿ ಅದನ್ನು ಮಲಗಿಸಿದೆ.

"ಮಫ್ಲರು ತೆಗೀರಿ, ಬಲ್ಬಿಗೆ ತಾಗಿದ್ರೆ ಹೊತ್ಕೊಳ್ಳತ್ತೆ."

ಸರೋಜ ಗೋಡೆ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಮಫ್ಲರು ತೆಗೆದೆ. ಅವಳು ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹೊದಿಸಿ, "ಅಲ್ಲೇ ಹುಟ್ಟಿದ್ದು, ಅಲ್ಲೇ ಚೇತರಿಸ್ಕೊಳ್ಳಲಿ" ಅಂದಳು.

"ಅಲ್ಲೇ ಹುಟ್ಟಿದ್ದು ಅಂತ ನಿಂಗ್ಯಾರು ಹೇಳಿದ್ದು? ಮೇಷ್ಟ್ರಾ?"

"ಮೇಷ್ಟ್ರು ಯಾಕೆ ಹೇಳ್ಬೇಕು? ನಾನು ಗುಂಡ್ಲುಪೇಟೆಯವಳು, ಹಲ್ಲಿ ಮೊಟ್ಟೆ ಗೊತ್ತಾಗಲ್ವಾ? ನೀವು ಇಟ್ಟ ದಿನಾನೇ ನೋಡ್ದೆ. ಪಕ್ಕದಲ್ಲಿ ನಿಜವಾದ ನುಸಿಗುಳಿಗೆ ಇತ್ತು, ಮರಿಗೆ ಆಗಲ್ಲ ಅಂತ ತೆಗ್ದು ಹಾಕ್ದೆ."

ನಾನು ಹಾಸಿಗೆಯ ಅಂಚಿಗೆ ಕೂತೆ. ಅವಳು ನಿಧಾನವಾಗಿ ಪಕ್ಕದಲ್ಲಿ ಕೂತು ಮೊಣಕಾಲು ನೀವಿಕೊಂಡಳು. ಆಮೇಲೆ ಕಾಫಿ ಮಾಡಿ ತಂದೆ, ಇಬ್ಬರೂ ಬೀರುವಿನ ಎದುರಿಗೇ ಕೂತು ಕುಡಿದೆವು. ಬಿಸಿಲು ಬಂತು. ಬೀರುವಿನ ಒಳಗೆ ಏನೂ ಸದ್ದಿರಲಿಲ್ಲ. ಶಿವಣ್ಣನ ಫೋನು ಬಂದರೆ ಏನು ಹೇಳುವುದು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಅವಳ ಮಂಡಿ ನೋವು ನೋಡಿ ನನಗೇ ಮನಸ್ಸು ತಡೆಯಲಿಲ್ಲ.

"ಹೋಗೋಣ ಸರೋಜ. ಹಲ್ಲಿ ಉಳೀಲಿ ಬಿಡಲಿ, ಕೆಳಗೆ ಹೋಗೋಣ. ನಿನ್ನ ಮಂಡಿಗೆ ಒಳ್ಳೇದು."

"ಆ ಮನೆಗಾ? ನೀವಾ?" ಅವಳು ನಕ್ಕಳು. "ಹೆಣ್ಣು ನೋಡೋಕೆ ಬಂದಾಗ ಕುರ್ಚಿ ಹತ್ತಿ ನಿಂತಿದ್ರಲ್ಲ, ನಾನು ಅಡುಗೆಮನೆ ಬಾಗಿಲ ಸಂದಿಯಿಂದ ನೋಡ್ತಿದ್ದೆ. ಒಪ್ಪಿಕೊಂಡಿದ್ದೇ ಅದಕ್ಕೆ. ಹಲ್ಲಿಗೆ ಇಷ್ಟು ಹೆದರೋರು ನನ್ನನ್ನೇನು ಹೆದರಿಸ್ತಾರೆ ಅಂತ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಾ ಅಂತ ಕಾದೆ. ಪ್ರತೀ ಡಿಸೆಂಬರ್ ಕೇಳ್ತಾನೇ ಇದ್ನಲ್ಲ."

ಇನ್ನು ಯಾವ ಮಂಜಿನ ಹಿಂದೆ ಅಡಗಲಿ? ದೂರ ನೋಡಲು ಆ ಕೋಣೆಯಲ್ಲಿ ದೂರವೂ ಇರಲಿಲ್ಲ. ಲೋಟ ಕೆಳಗಿಟ್ಟು, "ನನಗೆ ಹಲ್ಲಿ ಕಂಡ್ರೆ ಭಯ" ಅಂದೆ.

ಬೀರುವಿನ ಒಳಗಿಂದ, ಸ್ವೆಟರುಗಳ ಅಡಿಯಿಂದ, ಸಣ್ಣಗೆ, ಆದರೆ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಕೇಳಿಸಿತು: ಲೊಚ್ ಲೊಚ್.

ಸರೋಜ ಮಂಡಿ ನೋವು ಮರೆತು ನೆಲಕ್ಕೆ ಬಗ್ಗಿ ತಟ್ಟಿದಳು. ನಾನೂ ತಟ್ಟಿದೆ. ಮಧ್ಯಾಹ್ನ ಶಿವಣ್ಣನಿಗೆ ಫೋನು ಮಾಡಿ, ಮನೆಯನ್ನು ಬೇರೆಯವರಿಗೆ ಕೊಡು ಎಂದು ಅವಳೇ ಹೇಳಿದಳು. ಚಳಿ ಇನ್ನೆಷ್ಟು ವರ್ಷ, ಇನ್ನು ಸ್ವಲ್ಪ ದಿನಕ್ಕೆ ಊಟಿಯೇ ಗುಂಡ್ಲುಪೇಟೆ ಆಗುತ್ತದೆ ಎಂದೂ ಸೇರಿಸಿದಳು. ಆ ಮಾತಿಗೆ ಮಾತ್ರ ಹಲ್ಲಿ ಲೊಚಗುಟ್ಟದಿರಲಿ ಎಂದು ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಬೀರುವಿನಲ್ಲಿ ಈಗಲೂ ಬಲ್ಬು ಉರಿಯುತ್ತಿದೆ, ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತಿಗೂ ಸಾಕ್ಷಿ ಸಿಕ್ಕಿತು ಎಂದು ಒಂದು ಕಡೆ ಸಮಾಧಾನ. ಸಿಕ್ಕಿದ್ದು ಒಂದೇ ಒಂದು ಸಲ, ಅದೂ ನಾನು ಪುಕ್ಕಲ ಎಂಬ ಮಾತಿಗೆ.